ಪರದೆಯ ಅಲಂಕಾರವೂ ಯಂತ್ರದ ದಣಿವೂ

ನಮ್ಮ ಶಾಲೆಯ ಹಿತಚಿಂತಕರಲ್ಲಿ ಕೆಲವರು ಈ ವರ್ಷ ನಮ್ಮ ಮುಂದೆ ಒಂದು ಸೂಚನೆಯನ್ನು ಇಟ್ಟಿರುತ್ತಾರೆ. ಗಣಕಯಂತ್ರಗಳ ಕೊಠಡಿಯಲ್ಲಿ ಬಾಲಿಕೆಯರು ಪರದೆಗಳನ್ನು ಮನಬಂದಂತೆ ಶೃಂಗರಿಸುತ್ತಿರುವದರಿಂದ ಯಂತ್ರಗಳು ಕಾಯ್ದು ನಿಧಾನವಾಗುತ್ತವೆ. ಆದಕಾರಣ ಪರದೆಯ ಯಾವ ಏರ್ಪಾಡನ್ನೂ ಅವರು ಮುಟ್ಟದಂತೆ ಬೀಗಹಾಕಿ, ಬೆರಳಚ್ಚನ್ನು ಮಾತ್ರ ಕಲಿಸಿದರೆ ಸಾಕು ಎಂಬದು ಆ ಸೂಚನೆಯ ತಾತ್ಪರ್ಯವು. ಹೇಳಿದವರು ಶಾಲೆಯ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆ. ಅವರು ಕಂಡ ದೋಷವೂ ಸುಳ್ಳಲ್ಲ. ಆದರೆ ಅವರು ಸೂಚಿಸಿದ ಔಷಧವು ನಮಗೆ ಒಪ್ಪಿಗೆಯಾಗಿಲ್ಲ. ಯಾಕೆ ಒಪ್ಪಿಗೆಯಾಗಿಲ್ಲವೆಂಬದನ್ನು ಈ ಸ್ಮರಣಸಂಚಿಕೆಯ ಮೂಲಕ ಪಾಲಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಸುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ದೋಷವು ಯಾವದೆಂಬದನ್ನು ನೋಡೋಣ. ಗಣಕಯಂತ್ರವನ್ನು ತೆರೆದ ಕೂಡಲೆ ಕಾಣುವ ಪರದೆಗೆ ಡೆಸ್ಕ್‌ಟಾಪ್ ಎಂದು ಹೆಸರು. ಅದರ ಮೇಲೆ ಗಡಿಯಾರ, ಹವಾಮಾನದ ಪಟ್ಟಿ, ಪಂಚಾಂಗ, ಸುದ್ದಿಯ ಸಾಲು, ಯಂತ್ರದ ಕೆಲಸವನ್ನು ಅಳೆದು ತೋರಿಸುವ ಮುಳ್ಳು ಮುಂತಾದ ಚಿಕ್ಕ ಚಿಕ್ಕ ಸಲಕರಣೆಗಳನ್ನು ಇಡಬಹುದು. ಇವಕ್ಕೆ ವಿಜೆಟ್ ಎಂದೂ ಗ್ಯಾಜೆಟ್ ಎಂದೂ ಅನ್ನುತ್ತಾರೆ. ಹಿಂದಿನ ಚಿತ್ರದ ಬದಲು ಮಳೆ ಸುರಿಯುವ, ಮೀನು ಈಜುವ ಚಲಿಸುವ ವಾಲ್‌ಪೇಪರನ್ನೂ ಹಾಕಬಹುದು. ನಮ್ಮ ಬಾಲಿಕೆಯರಿಗೆ ಇವೆಲ್ಲವೂ ಪ್ರಿಯವಾಗಿವೆ. ಅಂಗಳಕ್ಕೆ ರಂಗವಲ್ಲಿ ಇಕ್ಕುವ ಕೈಗಳು ಬರಿಯ ನೀಲಿ ಪರದೆಯನ್ನು ಕಂಡು ಸುಮ್ಮನಿರುವವೆಂದು ನಾವು ನಿರೀಕ್ಷಿಸುವದು ನ್ಯಾಯವಲ್ಲ.

ಈ ಆಸೆಯು ದೇವಿಕೊಪ್ಪದ ಹುಡುಗಿಯರಿಗೆ ಮಾತ್ರ ಹುಟ್ಟಿದ್ದೂ ಅಲ್ಲ. ಮೈಕ್ರೋಸಾಫ್ಟ್ ಕಂಪನಿಯವರು 1997ರಲ್ಲಿಯೇ ಆ್ಯಕ್ಟಿವ್ ಡೆಸ್ಕ್‌ಟಾಪ್ ಎಂಬ ಹೆಸರಿನಿಂದ ಪರದೆಯ ಮೇಲೆ ಜೀವಂತ ಪುಟಗಳನ್ನು ಕೂಡ್ರಿಸಿದರು. 2001ರಲ್ಲಿ ರೇನ್‌ಮೀಟರ್ ಎಂಬ ಉಚಿತ ತಂತ್ರಾಂಶವು ಹೊರಟಿತು. ಅದು ಇಂದಿಗೂ ಬಳಕೆಯಲ್ಲಿದೆ. ಆ್ಯಪಲ್ ಕಂಪನಿಯವರು 2005ರಲ್ಲಿ ಡ್ಯಾಶ್‌ಬೋರ್ಡನ್ನು ಕೊಟ್ಟು 2019ರಲ್ಲಿ ಅದನ್ನು ತೆಗೆದುಹಾಕಿದರು. 2007ರ ವಿಂಡೋಸ್ ವಿಸ್ಟಾದಲ್ಲಿ ಬಂದ ಗ್ಯಾಜೆಟ್‌ಗಳ ಮೂಲಕ ಪರಕೀಯರು ಯಂತ್ರದೊಳಗೆ ನುಗ್ಗಬಹುದೆಂದು ಕಂಡುಬಂದುದರಿಂದ, ಅವನ್ನು ನಿಲ್ಲಿಸಿರೆಂದು 2012ರಲ್ಲಿ ಮೈಕ್ರೋಸಾಫ್ಟಿನವರೇ ಎಚ್ಚರಿಕೆ ಕೊಟ್ಟರು. ಅದೇ ವರ್ಷ ಬಂದ ವಿಂಡೋಸ್ 8ರಲ್ಲಿ ಅವು ಉಳಿಯಲಿಲ್ಲ. ಆದಾಗ್ಯೂ 2021ರ ವಿಂಡೋಸ್ 11ರಲ್ಲಿ ವಿಜೆಟ್‌ಗಳು ಹೊಸ ರೂಪದಿಂದ ತಿರುಗಿ ಬಂದವು. ತೆಗೆದರೂ ತೆಗೆದರೂ ಮರಳಿ ಬರುವ ಆಸೆಯನ್ನು ಬೀಗದಿಂದ ಗೆಲ್ಲುವದು ಸುಲಭವಲ್ಲವೆಂಬದು ಇಷ್ಟರಿಂದಲೇ ತಿಳಿಯುವದು.

ಇನ್ನು ಈ ಅಲಂಕಾರದಿಂದ ಯಂತ್ರವು ಏಕೆ ಕಾಯುತ್ತದೆ? ಗೋಡೆಗೆ ತೂಗಹಾಕಿದ ಚಿತ್ರವು ಒಮ್ಮೆ ಬರೆದರೆ ಮುಗಿಯಿತು. ಅದು ಗೋಡೆಯಿಂದ ಮತ್ತೇನನ್ನೂ ಕೇಳುವದಿಲ್ಲ. ಪರದೆಯ ಮೇಲಿನ ಗಡಿಯಾರವು ಹಾಗಲ್ಲ. ಸೆಕೆಂಡಿನ ಮುಳ್ಳುಳ್ಳ ಗಡಿಯಾರವನ್ನು ಯಂತ್ರವು ತಾಸಿಗೆ 3,600 ಸಲ ಹೊಸದಾಗಿ ಬರೆಯಬೇಕಾಗುತ್ತದೆ. ನಿಮಿಷವನ್ನಷ್ಟೇ ತೋರಿಸುವದಾದರೆ 60 ಸಲ ಬರೆದರೆ ಸಾಕು. ಸೆಕೆಂಡಿಗೆ 30 ಚಿತ್ರಗಳಂತೆ ಚಲಿಸುವ ವಾಲ್‌ಪೇಪರಿಗೆ ತಾಸಿಗೆ 1,08,000 ಚಿತ್ರಗಳು ಬೇಕು. ಬಾಲಿಕೆಯು ಅದರ ಮುಂದೆ ಬೇರೆ ಪುಟವನ್ನು ತೆರೆದು ಪಾಠ ಬರೆಯುತ್ತಿರುವಾಗ ಕೆಲವು ತಂತ್ರಾಂಶಗಳು ತಮ್ಮ ಆಟವನ್ನು ನಿಲ್ಲಿಸುತ್ತವೆ, ಕೆಲವು ನಿಲ್ಲಿಸುವದಿಲ್ಲ. ನಿಲ್ಲಿಸದಿದ್ದರೆ ಯಾರೂ ನೋಡದ ಮಳೆಯು ಯಂತ್ರದೊಳಗೆ ಸುರಿಯುತ್ತಲೇ ಇರುತ್ತದೆ.

ಈ ದುಡಿಮೆಯನ್ನೆಲ್ಲ ಹೊರುವದು ಪ್ರೊಸೆಸರ್ ಎಂಬ ಚಿಕ್ಕ ಬಿಲ್ಲೆಯು. ಈಗಿನ ಪ್ರೊಸೆಸರುಗಳಿಗೆ ಒಂದು ಒಳ್ಳೆಯ ಗುಣವುಂಟು. ಕೆಲಸವಿಲ್ಲದಾಗ, ಸೆಕೆಂಡಿನ ಸಾವಿರದೊಂದು ಅಂಶದಷ್ಟು ಬಿಡುವು ದೊರೆತರೂ, ಅವು ತಮ್ಮ ಕೆಲವು ಭಾಗಗಳನ್ನು ಮಲಗಿಸಿ ವಿದ್ಯುತ್ತನ್ನು ಉಳಿಸುತ್ತವೆ. ಹತ್ತಾರು ವಿಜೆಟ್‌ಗಳು ಒಂದಾದ ಮೇಲೊಂದು ಬಂದು ಬಾಗಿಲು ಬಡಿಯುತ್ತಿದ್ದರೆ ಈ ನಿದ್ರೆಗೆ ಆಸ್ಪದವಾಗುವದಿಲ್ಲ. ಪ್ರೊಸೆಸರು ಹೀರಿಕೊಂಡ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬೀಳುತ್ತದೆ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಚಿತ್ರ ಬರೆಯುವ ಭಾಗವೂ ಅದೇ ಬಿಲ್ಲೆಯೊಳಗೆ ಇರುವದರಿಂದ ಎರಡರ ಶಾಖವೂ ಒಂದೇ ಕಡೆಗೆ ಕೂಡುತ್ತದೆ. ಆಗ ಫ್ಯಾನು ಗರಗರನೆ ತಿರುಗುತ್ತದೆ. ಶಾಖವು ಮಿತಿಯನ್ನು ಮುಟ್ಟಿದರೆ (ಅನೇಕ ಪ್ರೊಸೆಸರುಗಳಲ್ಲಿ ಆ ಮಿತಿಯು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ) ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗವನ್ನು ತಗ್ಗಿಸುತ್ತದೆ. ಬಾಲಿಕೆಯು ಒತ್ತಿದ ಅಕ್ಷರವು ಪರದೆಯ ಮೇಲೆ ತಡವಾಗಿ ಮೂಡುವದಕ್ಕೆ ಇದು ಒಂದು ಕಾರಣವು.

ನಮ್ಮ ಸೀಮೆಯಲ್ಲಿ ಈ ತೊಂದರೆಗೆ ಮತ್ತೂ ಎರಡು ಕಾರಣಗಳು ಕೂಡುತ್ತವೆ. ಧಾರವಾಡ ಜಿಲ್ಲೆಯ ಏಪ್ರಿಲ್ ಮೇ ತಿಂಗಳ ಬಿಸಿಲು 35 ಡಿಗ್ರಿಯನ್ನು ದಾಟುತ್ತದೆ. ಯಂತ್ರದ ಫ್ಯಾನು ಎಷ್ಟು ತಿರುಗಿದರೂ ಕೊಠಡಿಯ ಗಾಳಿಗಿಂತ ತಣ್ಣಗೆ ಅದನ್ನು ಮಾಡಲಾರದು. ಎರಡನೆಯದು ಧೂಳು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಹಂಚುಗಳು ಎಷ್ಟೋ ಶಾಲೆಗಳ ಮೇಲೆ ಏರಿದವು. ಅಂಥ ಮಾಡಿನ ಸಂದುಗಳಿಂದ ಕಾಯ್ದ ಗಾಳಿಯು ಮೇಲೆ ಹೋಗುತ್ತದೆ. ಗಣಕಯಂತ್ರಗಳ ಕೊಠಡಿಯಲ್ಲಾದರೋ ಧೂಳಿಗೆ ಅಂಜಿ ಕಿಟಕಿಗಳನ್ನು ಮುಚ್ಚುತ್ತೇವೆ. ಶಾಖವು ಒಳಗೇ ಉಳಿಯುತ್ತದೆ. ಮುಚ್ಚಿದರೂ ಧೂಳು ಒಳಸೇರಿ ಫ್ಯಾನಿನ ರೆಕ್ಕೆಗಳಿಗೆ ಅಂಟುತ್ತದೆ. ಲೈಟು ಹೋದಾಗ ಯುಪಿಎಸ್ಸಿನ ಬ್ಯಾಟರಿಯಿಂದ ಯಂತ್ರಗಳು ನಡೆಯಬೇಕು. ವೇದದಲ್ಲಿನ ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನಮ್ಮ ಹುಡುಗಿಯರು ಚೆನ್ನಾಗಿ ಬಲ್ಲರು. ಎಣ್ಣೆಯು ಮಿತವಾಗಿರುವಲ್ಲಿ ಅದನ್ನು ಯಾತಕ್ಕೆ ಸುಡುತ್ತಿದ್ದೇವೆಂಬ ಎಚ್ಚರವು ಬೇಕೇ ಬೇಕು.

ಈ ದೋಷವು ನಮ್ಮಲ್ಲಿಯೂ ಪ್ರಕಟವಾಯಿತು. ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬುವ ದಿನಗಳಲ್ಲಿ ಮೂರು ಯಂತ್ರಗಳು ಬಹಳ ನಿಧಾನವಾದವು. ಒಂದು ಅರ್ಜಿಯನ್ನು ಮುಗಿಸುವದಕ್ಕೆ ಒಂದು ಪೂರ್ಣ ತರಗತಿಯ ಹೊತ್ತು ಹಿಡಿಯಿತು. ಯಂತ್ರಗಳು ಹಳೆಯವಾದವು, ಹೊಸವನ್ನು ಕೊಳ್ಳಬೇಕೆಂದು ಕೆಲವರು ಅಂದರು. ನಮ್ಮ ವಿಜ್ಞಾನದ ಶಿಕ್ಷಕಿಯವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಕೂಡಿಯೇ ಒತ್ತಿ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿಯನ್ನು ತೆರೆದು, ಯಾವ ಕೆಲಸವು ಪ್ರೊಸೆಸರಿನ ಎಷ್ಟು ಪಾಲನ್ನು ತಿನ್ನುತ್ತದೆಂಬದನ್ನು ಹುಡುಗಿಯರಿಂದಲೇ ಓದಿಸಿದರು. ಯಾರೂ ಏನನ್ನೂ ಮಾಡದಿರುವಾಗಲೂ ಒಂದು ಯಂತ್ರದ ಪ್ರೊಸೆಸರು ನೂರಕ್ಕೆ ಮೂವತ್ತರಷ್ಟು ದುಡಿಯುತ್ತಿತ್ತು. ಚಲಿಸುವ ಒಂದು ವಾಲ್‌ಪೇಪರೂ ನಾಲ್ಕಾರು ವಿಜೆಟ್‌ಗಳೂ ಅದರ ಬಹುಪಾಲನ್ನು ಹಂಚಿಕೊಂಡಿದ್ದವು. ಅವುಗಳಲ್ಲಿ ಒಂದು, ಪ್ರೊಸೆಸರು ಎಷ್ಟು ದಣಿದಿದೆಯೆಂದು ಕ್ಷಣಕ್ಷಣಕ್ಕೂ ಅಳೆದು ತೋರಿಸುವ ಮೀಟರು! ದಣಿವನ್ನು ಅಳೆಯುವದೂ ಒಂದು ದಣಿವೆಂದು ಕಂಡು ಹುಡುಗಿಯರು ನಕ್ಕರು. ಅವನ್ನೆಲ್ಲ ನಿಲ್ಲಿಸಿ, ಫ್ಯಾನಿನ ಧೂಳನ್ನು ತೆಗೆದ ಮೇಲೆ ಅದೇ ಯಂತ್ರಗಳು ಅರ್ಜಿಗಳ ಕೆಲಸಕ್ಕೆ ಸಾಕಾದವು.

ಇಷ್ಟನ್ನು ಕೇಳಿದವರು, ಹಾಗಾದರೆ ಬೀಗಹಾಕುವದೇ ಲೇಸಲ್ಲವೇ ಎಂದು ಅನ್ನಬಹುದು. ಅವರ ಮಾತಿನಲ್ಲಿ ಒಂದಂಶವನ್ನು ನಾವು ಒಪ್ಪುತ್ತೇವೆ. ಯಂತ್ರವು ಒಬ್ಬಳದಲ್ಲ, ಅನೇಕರದು. ಎಲ್ಲಿಂದಲೋ ತಂದ ತಂತ್ರಾಂಶವು ಅಪಾಯವನ್ನು ತರಬಹುದೆಂಬದಕ್ಕೆ 2012ರ ಎಚ್ಚರಿಕೆಯೇ ಸಾಕ್ಷಿಯು. ಕಾರಣ, ಹೊಸ ತಂತ್ರಾಂಶವನ್ನು ಶಿಕ್ಷಕಿಯ ಅಪ್ಪಣೆಯಿಲ್ಲದೆ ಹಾಕಕೂಡದೆಂಬ ನಿಯಮವು ನಮ್ಮಲ್ಲಿ ಇದೆ, ಮುಂದೆಯೂ ಇರುವದು. ಆದರೆ ಅಪ್ಪಣೆ ಕೇಳಬೇಕೆಂಬದು ಬೇರೆ, ಮುಟ್ಟಲೇಕೂಡದೆಂಬದು ಬೇರೆ. ಮುಟ್ಟದವಳಿಗೆ ಯಂತ್ರವು ಏಕೆ ಕಾಯಿತೆಂದು ತಿಳಿಯುವದು ಯಾವಾಗ? ಶಾಲೆಯನ್ನು ಬಿಟ್ಟು ಹುಬ್ಬಳ್ಳಿಯ ಯಾವದೋ ಕಚೇರಿಯಲ್ಲಿ ಕುಳಿತಾಗ, ನಿಧಾನವಾದ ಯಂತ್ರದ ಮುಂದೆ ಅವಳು ಯಾರನ್ನೋ ಕಾಯುತ್ತ ಕೂಡ್ರಬೇಕೇ?

ನಮ್ಮ ಹುಡುಗಿಯರ ಪರಿಸ್ಥಿತಿಯನ್ನೂ ನೆನೆಯಬೇಕು. ಸುತ್ತಲಿನ ಹಳ್ಳಿಗಳಿಂದ ಬರುವ ಅನೇಕರ ಮನೆಯಲ್ಲಿ ಗಣಕಯಂತ್ರವಿಲ್ಲ. ಮೊಬೈಲು ಇದ್ದರೂ ಅದು ಅಪ್ಪನ ಕೈಯಲ್ಲಿಯೋ ಅಣ್ಣನ ಕೈಯಲ್ಲಿಯೋ ಇರುತ್ತದೆ. ವಾರದಲ್ಲಿ ದೊರೆಯುವ ಒಂದೆರಡು ತರಗತಿಗಳೇ ಅವರ ಪಾಲಿನ ಯಂತ್ರವಿದ್ಯೆಯು. ಅಣ್ಣನು ಮೊಬೈಲನ್ನು ಬಿಚ್ಚಿ ಕೆಡಿಸಿದರೆ ಹುಡುಗನು ಚುರುಕೆಂದು ಮನೆಯವರು ಮೆಚ್ಚುವದನ್ನೂ, ತಂಗಿಯು ಪರದೆಯ ಚಿತ್ರವನ್ನು ಬದಲಿಸಿದರೆ ಹುಡುಗಾಟವೆಂದು ಗದರಿಸುವದನ್ನೂ ನಾವು ಕಂಡಿದ್ದೇವೆ. ಈ ಭೇದವು ಶಾಲೆಯ ಹೊಸ್ತಿಲನ್ನು ದಾಟಿ ಒಳಗೆ ಬರಬಾರದು. ಹೆಣ್ಣುಮಕ್ಕಳಿಗೆ ಅಕ್ಷರವೇ ಬೇಡವೆಂದು ಜನರು ಅನ್ನುತ್ತಿದ್ದ ಕಾಲದಲ್ಲಿ ಮಿಶನ್ನಿನ ಶಾಲೆಗಳು ಅವರ ಕೈಗೆ ಲೇಖಣಿಯನ್ನು ಕೊಟ್ಟವು. ಮಸಿ ಚೆಲ್ಲೀತೆಂಬ ಭಯದಿಂದ ಅಂದು ಲೇಖಣಿಯನ್ನು ಕಸಿದುಕೊಂಡಿದ್ದರೆ ನಾವು ಇಂದು ಈ ಸ್ಥಾನದಲ್ಲಿ ಕುಳಿತು ಬರೆಯುತ್ತಿರಲಿಲ್ಲ.

ಅಲಂಕಾರವೇ ಪಾಪವೆಂದು ಹೇಳುವವರೂ ಇದ್ದಾರೆ. ಆ ಮಾತೂ ನಮಗೆ ಸಮ್ಮತವಲ್ಲ. ಕಾರ ಹುಣ್ಣಿಮೆಯ ದಿವಸ ನಮ್ಮ ಒಕ್ಕಲಿಗರು ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ, ಬೆನ್ನ ಮೇಲೆ ಝೂಲವನ್ನು ಹೊದಿಸುತ್ತಾರೆ. ಮರುದಿನ ನೇಗಿಲಿಗೆ ಹೂಡುವಾಗ ಝೂಲವನ್ನು ತೆಗೆದಿಡುತ್ತಾರೆ. ಕೋಡಿನ ಬಣ್ಣವನ್ನು ಮಾತ್ರ ಯಾರೂ ಕೆರೆದು ತೆಗೆಯುವದಿಲ್ಲ. ಯಾವ ಶೃಂಗಾರವು ಭಾರ, ಯಾವದು ಭಾರವಲ್ಲ ಎಂಬ ವಿವೇಕವು ಅವರಿಗೆ ಇದೆ. ನಿಶ್ಚಲವಾದ ಒಂದು ಸುಂದರ ಚಿತ್ರವು ಕೋಡಿನ ಬಣ್ಣದಂತೆ. ಅದರಿಂದ ಪ್ರೊಸೆಸರಿಗೆ ಶ್ರಮವಿಲ್ಲವೆಂದೇ ಹೇಳಬಹುದು. ಬಿಡುವಿಲ್ಲದೆ ಕುಣಿಯುವ ವಾಲ್‌ಪೇಪರು ಉಳುವ ಎತ್ತಿನ ಮೇಲಿನ ಝೂಲದಂತೆ. ಈ ವಿವೇಕವನ್ನು ಕಲಿಸುವದೇ ಶಿಕ್ಷಣವು.

ಅದು ಕಲಿಸಲು ಸಾಧ್ಯವೇ ಎಂದು ಸಂಶಯಪಡುವವರಿಗೆ ಒಂದು ನಿದರ್ಶನವನ್ನು ಕೊಡುತ್ತೇವೆ. ಒಂಬತ್ತನೆಯ ತರಗತಿಯ ಕೆಲವು ಹುಡುಗಿಯರು ಕನ್ನಡ ಅಂಕಿಗಳ ಗಡಿಯಾರವು ಪರದೆಯ ಮೇಲೆ ಬೇಕೆಂದು ಅಪ್ಪಣೆ ಕೇಳಿದರು. ಹಿಂದೆ ಹೇಳಿದ ರೇನ್‌ಮೀಟರಿನ ಸಲಕರಣೆಗಳು ಸಾದಾ ಅಕ್ಷರಗಳಲ್ಲಿ ಬರೆದ ಕಡತಗಳಾಗಿರುವದರಿಂದ ಅವನ್ನು ತೆರೆದು ಓದಬಹುದು, ತಿದ್ದಬಹುದು. ಎಷ್ಟು ಹೊತ್ತಿಗೊಮ್ಮೆ ಹೊಸದಾಗಿ ಬರೆಯಬೇಕೆಂಬ ಸಂಖ್ಯೆಯು ಅದರಲ್ಲಿ ಇರುತ್ತದೆ. ರೂಢಿಯ ಸಂಖ್ಯೆಯು 1000, ಅಂದರೆ ಸೆಕೆಂಡಿಗೊಮ್ಮೆ. ಯಂತ್ರಕ್ಕೆ ಬಿಡುವು ದೊರೆಯಲೆಂದು ಹುಡುಗಿಯರು ಅದನ್ನು 60000 ಮಾಡಿದರು; ಆಗ ಗಡಿಯಾರವು ಕೆಲವು ಸಲ ಒಂದು ನಿಮಿಷದಷ್ಟು ಹಿಂದೆ ಬೀಳತೊಡಗಿತು. ತಮ್ಮಲ್ಲಿಯೇ ಚರ್ಚಿಸಿ ಕಡೆಗೆ 10000ಕ್ಕೆ ನಿಲ್ಲಿಸಿದರು. ಹತ್ತು ಸೆಕೆಂಡು ತಡವಾದರೆ ಶಾಲೆಯ ಗಂಟೆಗೆ ಬಾಧೆಯಿಲ್ಲ, ಯಂತ್ರದ ಕೆಲಸವೂ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ ಎಂಬದು ಅವರ ವಾದವು. ಚೆಲುವು, ನಿಖರತೆ, ಮಿತವ್ಯಯ ಈ ಮೂರನ್ನೂ ತೂಗಿ ನೋಡಿ ಹದಿನಾಲ್ಕು ವರ್ಷದ ಬಾಲಿಕೆಯರು ಕೊಟ್ಟ ತೀರ್ಪಿದು. ಬೀಗಹಾಕಿದ ಯಂತ್ರದ ಮುಂದೆ ಇದು ಹುಟ್ಟುತ್ತಿತ್ತೇ?

ಹೀಗಿರಲಾಗಿ ನಮ್ಮ ನಿರ್ಣಯವು ಇಂತಿದೆ. ಪರದೆಯ ಏರ್ಪಾಡು ಹುಡುಗಿಯರ ಕೈಯಲ್ಲಿಯೇ ಇರುವದು. ಹೊಸ ವಿಜೆಟನ್ನು ಇಡಬಯಸುವವಳು, ಇಡುವ ಮೊದಲೂ ಇಟ್ಟ ಮೇಲೂ ಟಾಸ್ಕ್ ಮ್ಯಾನೇಜರಿನ ಸಂಖ್ಯೆಯನ್ನು ಕೊಠಡಿಯ ಪುಸ್ತಕದಲ್ಲಿ ಬರೆಯಬೇಕು. ವ್ಯತ್ಯಾಸವು ಹೆಚ್ಚಾಗಿದ್ದರೆ ತಾನೇ ತೆಗೆಯಬೇಕು. ಯಂತ್ರವು ಎದ್ದ ಕೂಡಲೆ ತಾವಾಗಿ ಏಳುವ ತಂತ್ರಾಂಶಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಬೇಕು. ಅರ್ಜಿ, ಪರೀಕ್ಷೆಗಳ ದಿನಗಳಲ್ಲಿ ಝೂಲಗಳೆಲ್ಲ ಪೆಟ್ಟಿಗೆಯನ್ನು ಸೇರತಕ್ಕದ್ದು. ಫ್ಯಾನಿನ ಧೂಳನ್ನು ತೆಗೆಯುವದನ್ನು, ಶಿಕ್ಷಕಿಯ ಎದುರಿನಲ್ಲಿ, ಯಂತ್ರದ ತಂತಿಯನ್ನು ಕಳಚಿಟ್ಟು, ಹುಡುಗಿಯರೇ ಮಾಡತಕ್ಕದ್ದು.

ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ. ನಿಮ್ಮ ಮಗಳು ರಜೆಯಲ್ಲಿ ಮನೆಗೆ ಬಂದು, ಮೊಬೈಲು ಏಕೆ ಬಿಸಿಯಾಗಿದೆ, ಅದರೊಳಗೆ ಯಾವದು ದುಡಿಯುತ್ತಿದೆ ನೋಡುತ್ತೇನೆಂದು ಕೈ ಚಾಚಿದರೆ, ಹುಡುಗಾಟವೆಂದು ಗದರಿಸದೆ ಅವಳ ಕೈಗೆ ಕೊಡಿರಿ. ಅವಳ ಅಣ್ಣನೂ ಬಳಿಯಲ್ಲಿ ಕುಳಿತು ನೋಡಲಿ. ಹುಡುಗಿಯರ ಈ ಜಾಗರೂಕತೆಯನ್ನು ದೇವರು ಆಶೀರ್ವದಿಸಲಿ.