ಬರಿಗಾಲಿಗೆ ಹಾರ ಬೇಡ

ಹೊಗಳಿಕೆಗೆ ಖರ್ಚಿಲ್ಲ. ಅದಕ್ಕೇ ಇರಬೇಕು, ನಮ್ಮಲ್ಲಿ ಆಟಗಾರನಿಗೆ ಬೇಕಾದ್ದನ್ನು ಕೊಡುವವರಿಗಿಂತ, ಅವನು ಅದಿಲ್ಲದೆಯೇ ಆಡಿದ್ದನ್ನು ಕೊಂಡಾಡುವವರು ಹೆಚ್ಚು. ಶಾಲೆಯ ಕ್ರೀಡಾದಿನಕ್ಕೆ ಬರುವ ಅತಿಥಿಗಳ ಭಾಷಣಗಳನ್ನು ವರ್ಷ ವರ್ಷವೂ ಕೇಳುತ್ತ ಬಂದವಳು ನಾನು. ಅವರಲ್ಲಿ ಅನೇಕರಿಗೆ ಒಂದು ಕಥೆ ಬಲು ಪ್ರಿಯ. ನಮ್ಮ ಹಿರಿಯರು ಬರಿಗಾಲಿನಲ್ಲಿ ಫುಟ್‌ಬಾಲ್ ಆಡಿ ಬಿಳಿಯರನ್ನು ನಡುಗಿಸಿದರಂತೆ. ಬೂಟು ಹಾಕಲೇಬೇಕೆಂದು ಹೇಳಿದ್ದಕ್ಕೆ 1950ರ ವಿಶ್ವಕಪ್ಪನ್ನೇ ಬೇಡವೆಂದರಂತೆ. ಆದ್ದರಿಂದ ಮಕ್ಕಳೇ, ಸೌಕರ್ಯ ಮುಖ್ಯವಲ್ಲ, ಛಲ ಮುಖ್ಯ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಹೇಳಿದವರ ಕಾಲಲ್ಲಿ ಮಾತ್ರ ಒಳ್ಳೆಯ ಬೂಟೇ ಇರುತ್ತದೆ.

ಈ ಕಥೆಯಲ್ಲಿ ಅರ್ಧ ಸುಳ್ಳು. ಉಳಿದರ್ಧ ನಿಜವಾದರೂ ಅದರ ಅರ್ಥ ಇವರು ಹೇಳಿದ್ದಲ್ಲ. ನಮ್ಮ ನಾಡಿನವನೇ ಆದ ಒಬ್ಬ ಮುನ್ನಡೆ ಆಟಗಾರನ ಬದುಕನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಅಹ್ಮದ್ ಖಾನ್ ಬೆಂಗಳೂರಿನಲ್ಲಿ 1926ರಲ್ಲಿ ಹುಟ್ಟಿದವರು. ಚೆಂಡು ಅವರ ಕಾಲಿಗೆ ಅಂಟಿಕೊಂಡಂತೆ ಹೋಗುತ್ತಿದ್ದುದರಿಂದ ಹಾವಾಡಿಗನೆಂದು ಹೆಸರಾಯಿತು. ಆಗ ಮೈಸೂರು ಸಂಸ್ಥಾನದ ಫುಟ್‌ಬಾಲಿಗೆ ದೊಡ್ಡ ಮರ್ಯಾದೆಯಿತ್ತು. 1946-47ರ ಸಂತೋಷ್ ಟ್ರೋಫಿಯನ್ನು ಬಂಗಾಳವನ್ನೇ ಸೋಲಿಸಿ ಗೆದ್ದ ತಂಡ ನಮ್ಮದು. ಖಾನ್ 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿ ಸುಮಾರು ಹತ್ತು ವರ್ಷ ಅಲ್ಲಿ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್ — ಈ ಐವರ ಮುನ್ನಡೆ ಸಾಲನ್ನು ಕಲ್ಕತ್ತೆಯ ಜನ ಪಂಚಪಾಂಡವರೆಂದು ಕರೆದರು. 1949ರಿಂದ 1951ರವರೆಗೆ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಆ ತಂಡಕ್ಕೆ ಬಂತು. ದೇಶ ಒಡೆದು ಮನೆಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದವರು ತಮ್ಮದೆಂದು ಎದೆಗಪ್ಪಿಕೊಂಡ ತಂಡ ಅದು. ಅಂಥವರೇ ಬೆಂಗಳೂರಿನ ಒಬ್ಬ ಮುಸಲ್ಮಾನ ಹುಡುಗನನ್ನು ಪಾಂಡವರಲ್ಲಿ ಒಬ್ಬನೆಂದರು. ನಮ್ಮ ಜಿಲ್ಲೆಯಲ್ಲಿ ಈಗೀಗ ಯಾರು ಯಾರೊಡನೆ ಕೂತರು, ಯಾರು ಯಾರ ಅಂಗಡಿಗೆ ಹೋದರು ಎಂದು ಲೆಕ್ಕ ಇಡುವವರು ಇದನ್ನು ಒಮ್ಮೆ ಯೋಚಿಸಬೇಕು. ಆದರೆ ಅದು ಇನ್ನೊಂದು ಪ್ರಬಂಧದ ವಿಷಯ.

1948ರ ಲಂಡನ್ ಒಲಿಂಪಿಕ್ಸಿಗೆ ಸ್ವತಂತ್ರ ಭಾರತದ ತಂಡ ಹೋಯಿತು. ಖಾನ್ ಆ ತಂಡದಲ್ಲಿದ್ದರು. ಜುಲೈ 31ರಂದು ಫ್ರಾನ್ಸಿನ ಎದುರು ಆಟ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು, ಇಲ್ಲವೇ ಪಟ್ಟಿ ಸುತ್ತಿಕೊಂಡ ಕಾಲು. ನಮ್ಮ ಕಡೆಯ ಒಂದೇ ಗೋಲು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು, ಹೊಡೆದವರು ಸಾರಂಗಪಾಣಿ ರಾಮನ್. ಅವರೂ ಮೈಸೂರು ಸೀಮೆಯಿಂದ ಹೋದವರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಲ್ಲಿ ಗೆದ್ದಿತು. ಜನ ಎದ್ದು ನಿಂತು ನಮ್ಮವರನ್ನು ಹೊಗಳಿದರು. ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂದು ನಾಯಕ ಟಾಲಿಮೆರೆನ್ ಆವೊ ಹೇಳಿದರೆಂಬ ಮಾತು ಇಂದಿಗೂ ಓಡಾಡುತ್ತಿದೆ. ಪರದೇಶದ ಪತ್ರಕರ್ತರಿಗೆ ಚುರುಕಾಗಿ ಕೊಟ್ಟ ಉತ್ತರವಾಗಿ ಅದು ಚೆಂದವೇ. ಆದರೆ ಉತ್ತರ ಕೊಟ್ಟವನ ಜಾಣತನವನ್ನು, ಅವನನ್ನು ಹಾಗೆ ಕಳಿಸಿದವರ ನೀತಿಯೆಂದು ತಿಳಿಯಬಾರದು.

ನಾಲ್ಕು ವರ್ಷ ಕಳೆಯಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮವರು ಇರಾನನ್ನು ಸೋಲಿಸಿ ಚಿನ್ನ ಗೆದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಉತ್ತರದ ಚಳಿ, ಎದುರಿಗೆ ಯುಗೊಸ್ಲಾವಿಯ. ನಮ್ಮವರಲ್ಲಿ ಹೆಚ್ಚಿನವರದು ಮತ್ತೆ ಬರಿಗಾಲೇ. ಫಲಿತಾಂಶ 10-1. ನಮ್ಮ ಆ ಒಂದು ಗೋಲು ಅಹ್ಮದ್ ಖಾನರದು. ಆಮೇಲೆ ನಮ್ಮ ಫೆಡರೇಶನ್ನಿನವರಿಗೆ ಎಚ್ಚರವಾಗಿ ಬೂಟು ಕಡ್ಡಾಯವಾಯಿತು.

ಅಷ್ಟು ವರ್ಷ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 1911ರಲ್ಲಿ ಮೋಹನ್ ಬಾಗಾನ್ ತಂಡ ಒಬ್ಬನ ಹೊರತು ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿ ಬ್ರಿಟಿಷ್ ಸೈನಿಕರಿಂದ ಐ.ಎಫ್.ಎ. ಶೀಲ್ಡ್ ಗೆದ್ದದ್ದು ನಿಜ. ಆ ಗೆಲುವಿಗೆ ಎಷ್ಟು ಹೆಮ್ಮೆಪಟ್ಟರೂ ಸಾಲದು. ಆದರೆ 1934ರಿಂದ 1938ರವರೆಗೆ ಐದು ವರ್ಷ ಸತತವಾಗಿ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ಮಳೆ ಬಂದ ದಿನ ಬೂಟು ಹಾಕಿಕೊಂಡು ಇಳಿಯುತ್ತಿತ್ತು. ಒಣ ನೆಲದಲ್ಲಿ ಬರಿಗಾಲಿಗೆ ಚೆಂಡಿನ ಮೇಲೆ ಹಿಡಿತ ಚೆನ್ನಾಗಿರುತ್ತದೆ. ನೆಲ ತೊಯ್ದರೆ ಓಡುವವನಿಗೆ ನಿಲ್ಲಲಾಗದು, ತಿರುಗಲಾಗದು. ಬೂಟಿನಡಿಯ ಗುಬಟುಗಳಿರುವುದೇ ಅದಕ್ಕೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವನು ಕಾಲಿಗೆ ತಳೆ ಇಲ್ಲದೆ ಮರ ಹತ್ತುತ್ತಾನೆಯೇ? ತಳೆ ಹಾಕಿದವನಿಗೆ ಛಲವಿಲ್ಲವೆಂದು ಯಾರಾದರೂ ಹೇಳುತ್ತಾರೆಯೇ? ಕಲ್ಕತ್ತೆಯ ಒಂದು ಕ್ಲಬ್ಬು 1934ರಲ್ಲಿ ಅರಿತದ್ದನ್ನು ದೇಶದ ಫೆಡರೇಶನ್ ಕಲಿಯಲು ಹದಿನೆಂಟು ವರ್ಷವೂ ಹತ್ತು ಗೋಲುಗಳೂ ಬೇಕಾದವು.

ಇನ್ನು 1950ರ ವಿಶ್ವಕಪ್. ಅದಕ್ಕೆ ನಾವು ಹೋಗಲಿಲ್ಲ, ನಿಜ. ಆದರೆ ಫೆಡರೇಶನ್ ಅಂದು ಕೊಟ್ಟ ಕಾರಣಗಳು ಅಭ್ಯಾಸಕ್ಕೆ ಸಮಯ ಸಾಲದು, ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ ಎಂಬಂಥವು. ಆಗ ನಮಗೆ ಒಲಿಂಪಿಕ್ಸೇ ಸರ್ವಸ್ವ, ವಿಶ್ವಕಪ್ಪಿನ ಬೆಲೆಯೇ ತಿಳಿದಿರಲಿಲ್ಲ ಎಂದು ಶೈಲೇನ್ ಮನ್ನಾ ಮುಂದೆ ಹೇಳಿದರು. ಹೋಗಿದ್ದರೆ ತಂಡದ ನಾಯಕನಾಗಬೇಕಿದ್ದವರು ಅವರೇ. ಕಚೇರಿಯ ಕುರ್ಚಿಗಳಲ್ಲಿದ್ದವರ ಉದಾಸೀನವನ್ನು ಆಟಗಾರರ ಬರಿಗಾಲಿನ ಮೇಲೆ ಹೊರಿಸಿ, ಅದಕ್ಕೇ ಸ್ವಾಭಿಮಾನದ ಬಣ್ಣ ಬಳಿದದ್ದು ಆಮೇಲಿನ ಕೆಲಸ.

ಬೂಟು ಬಂದ ಮೇಲೆ ಏನಾಯಿತು? 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಮ್ಮವರು ಆಸ್ಟ್ರೇಲಿಯವನ್ನು 4-2ರಲ್ಲಿ ಸೋಲಿಸಿದರು. ನೆವಿಲ್ ಡಿಸೋಜ ಒಬ್ಬರೇ ಮೂರು ಗೋಲು ಹೊಡೆದರು. ಸೆಮಿಫೈನಲಿನಲ್ಲಿ ಸಿಕ್ಕಿದ್ದು ಅದೇ ಯುಗೊಸ್ಲಾವಿಯ. ಮೊದಲ ಗೋಲು ನಮ್ಮದು. ಕೊನೆಗೆ 4-1ರಲ್ಲಿ ಸೋತು, ಕೂಟದಲ್ಲಿ ನಾಲ್ಕನೆಯ ಸ್ಥಾನ ಪಡೆದೆವು. ಬೂಟೊಂದೇ ಇದನ್ನು ಮಾಡಿತೆಂದು ನಾನು ಹೇಳುವುದಿಲ್ಲ. ರಹೀಮ್ ಸಾಹೇಬರ ತರಬೇತಿಯಿತ್ತು, ಹೊಸ ಹುಡುಗರಿದ್ದರು. ಆದರೆ ಬೂಟು ಹಾಕಿದ್ದರಿಂದ ಯಾರ ಛಲವೂ ಕುಗ್ಗಲಿಲ್ಲ ಎಂಬುದಂತೂ ಖಂಡಿತ. ಆ ಹೊತ್ತಿಗೆ ಅಹ್ಮದ್ ಖಾನರ ಒಲಿಂಪಿಕ್ ಆಟ ಮುಗಿದಿತ್ತು. ಅವರ ಕಾಲಿನ ಅತ್ಯುತ್ತಮ ವರ್ಷಗಳನ್ನು ದೇಶ ಬರಿಗಾಲಿನಲ್ಲೇ ಆಡಿಸಿತು. 2017ರ ಆಗಸ್ಟಿನಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಕ್ರಿಕೆಟಿಗರ ಮದುವೆಯ ತಾರೀಕು ಹೇಳಬಲ್ಲ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬರೂ ಅವರ ಹೆಸರು ಕೇಳಿರಲಿಲ್ಲ. ತಪ್ಪು ಮಕ್ಕಳದ್ದಲ್ಲ. ನಾವು ಬರಿಗಾಲನ್ನು ನೆನಪಿಟ್ಟುಕೊಂಡು ಮನುಷ್ಯನನ್ನು ಮರೆತವರು.

ಇಷ್ಟಾದರೂ ಒಪ್ಪದವರು ಅಬೆಬೆ ಬಿಕಿಲನನ್ನು ಕರೆತರುತ್ತಾರೆ. ಇಥಿಯೋಪಿಯದ ಆ ಓಟಗಾರ 1960ರಲ್ಲಿ ರೋಮಿನ ಮ್ಯಾರಥಾನನ್ನು ಬರಿಗಾಲಿನಲ್ಲೇ ಗೆದ್ದ. ಸರಿ. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿ ಓಡಿ, ಮೊದಲಿಗಿಂತ ಮೂರು ನಿಮಿಷ ಬೇಗ ಮುಟ್ಟಿ ಮತ್ತೆ ಗೆದ್ದ. ಈ ಎರಡನೆಯ ಸಾಲು ಭಾಷಣಗಳಲ್ಲಿ ಬರುವುದೇ ಇಲ್ಲ.

ನಮ್ಮೂರಿನ ಮಾತಿಗೆ ಬರುತ್ತೇನೆ. ನಾನು ಹುಟ್ಟಿದ್ದು ಮೂಡುಬಿದಿರೆಯ ಹತ್ತಿರ, ಮದುವೆಯಾಗಿ ಬಂದದ್ದು ಬಂಟ್ವಾಳ ತಾಲೂಕಿಗೆ, ಹೆಚ್ಚು ವರ್ಷ ಪಾಠ ಮಾಡಿದ್ದು ಬೆಳ್ತಂಗಡಿಯ ಒಳಗಿನ ಹಳ್ಳಿಗಳಲ್ಲಿ. ನಮ್ಮ ಕಡೆ ಬರಿಗಾಲೇ ಸರಿಯಾದ ಆಟವೊಂದು ಇದೆ, ಅದು ಕಂಬಳ. ಕೆಸರಿನ ಕರೆಯಲ್ಲಿ ಬೂಟಿಗೆ ಕೆಲಸವಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದು ಲೆಕ್ಕ ತೆಗೆದು, ಉಸೇನ್ ಬೋಲ್ಟನನ್ನು ಮೀರಿಸಿದರು ಎಂದು ದೇಶವೆಲ್ಲ ಡಂಗುರ ಸಾರಿದರು. ಕೋಣಗಳ ಎಳೆತವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೇಂದ್ರದ ಕ್ರೀಡಾ ಸಚಿವರು ಟ್ರ್ಯಾಕಿನಲ್ಲಿ ಪರೀಕ್ಷೆಗೆ ಕರೆದರು. ಈ ಓಟ ಬೇರೆ, ಆ ಓಟ ಬೇರೆ ಎಂದು ಗೌಡರು ಒಪ್ಪಲಿಲ್ಲ. ಇಡೀ ಗದ್ದಲದಲ್ಲಿ ವಿವೇಕದ ಮಾತು ಆಡಿದವರು ಅವರೊಬ್ಬರೇ. ನೆಲ ಕೇಳುವ ಬರಿಗಾಲು ಬೇರೆ, ಬಡತನ ಹೇರುವ ಬರಿಗಾಲು ಬೇರೆ.

ನಮ್ಮ ಶಾಲೆಯ ಬಯಲು ಮುರಕಲ್ಲಿನದು. ಜೂನ್ ಬಂದರೆ ಅದರ ಮೇಲೆ ಹಾವಸೆ. ಸರಕಾರ 2015ರ ಸುಮಾರಿನಿಂದ ಶಾಲೆಯ ಮಕ್ಕಳಿಗೆ ಶೂ ಭಾಗ್ಯದ ಕಪ್ಪು ಶೂ ಕೊಡುತ್ತಿದೆ, ಒಳ್ಳೆಯ ಕೆಲಸ. ಆದರೆ ಅದು ಸಮವಸ್ತ್ರದ ಶೂ. ವರ್ಷವಿಡೀ ಬಾಳಿಕೆ ಬರಬೇಕೆಂದು ಮಕ್ಕಳು ಆಟದ ಪೀರಿಯಡ್ಡಿನಲ್ಲಿ ಅದನ್ನು ಬಿಚ್ಚಿ ಜಗಲಿಯಲ್ಲಿ ಸಾಲಾಗಿ ಇಟ್ಟು ಬರಿಗಾಲಿನಲ್ಲಿ ಇಳಿಯುತ್ತಾರೆ. ಒಂದು ವರ್ಷ ನಮ್ಮ ಹುಡುಗಿಯರು ಫುಟ್‌ಬಾಲ್ ಪಂದ್ಯಕ್ಕೆ ಹೋಗಿದ್ದರು. ಬೂಟು, ಕಾಲುಚೀಲ, ಶಿನ್‌ಗಾರ್ಡ್ ಇಲ್ಲದೆ ಆಡುವಂತಿಲ್ಲ ಎಂದು ರೆಫರಿ ಹೇಳಿದರು. ನಿಯಮ ಇರುವುದೇ ಹಾಗೆ, ಅವರ ತಪ್ಪಲ್ಲ. ಆಗತಾನೆ ಸೋತು ಹೊರಬಂದ ತಂಡದವರಿಂದ ಬೂಟು ಎರವಲು ತಂದೆವು. ಒಬ್ಬಳಿಗೆ ಸಡಿಲ, ಇನ್ನೊಬ್ಬಳಿಗೆ ಬಿಗಿ. "ಟೀಚರ್, ಮುಂದೆ ಪೇಪರ್ ತುರುಕಿದ್ರೆ ಆಗ್ತದೆ" ಎಂದಳು ಒಬ್ಬಳು. ಹಾಗೆಯೇ ಆಡಿದರು, ಸೋತರು. ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಗೇಟಿನಲ್ಲಿ ಎಲ್ಲರ ಮುಖವಿದ್ದ ಫ್ಲೆಕ್ಸು. ಬೂಟಿಗೆ ಹಣ ಕೇಳಿದಾಗ ಕ್ರೀಡೆಯ ಬಾಬ್ತಿನಲ್ಲಿ ಅವಕಾಶವಿಲ್ಲ ಎಂದವರೇ ಫ್ಲೆಕ್ಸಿನ ಬಿಲ್ಲಿಗೆ ಸಹಿ ಹಾಕಿದರು.

ಕಷ್ಟದಲ್ಲಿ ಬೆಳೆದವರೇ ಗಟ್ಟಿಯಾಗುತ್ತಾರೆ, ಎಲ್ಲವನ್ನೂ ಕೈಗಿಟ್ಟರೆ ಮಕ್ಕಳು ಹಾಳಾಗುತ್ತಾರೆ ಎನ್ನುವವರಿದ್ದಾರೆ. ಈ ಮಾತು ಹೇಳುವವರು ತಮ್ಮ ಮಕ್ಕಳನ್ನು ಮಂಗಳೂರಿನ ಕೋಚಿಂಗ್ ಸೆಂಟರಿಗೆ ಕಾರಿನಲ್ಲಿ ಬಿಟ್ಟು ಬರುತ್ತಾರೆ. ಗಟ್ಟಿಯಾಗುವ ಭಾಗ್ಯ ಬೀಡಿ ಕಟ್ಟುವವಳ ಮಗಳಿಗೆ ಮಾತ್ರ ಮೀಸಲು. ಕಷ್ಟ ದಾಟಿ ಬಂದ ಒಬ್ಬ ಅಹ್ಮದ್ ಖಾನರನ್ನು ನಾವು ಎಣಿಸುತ್ತೇವೆ. ಉಗುರು ಕಿತ್ತುಹೋಗಿ ಆಟವನ್ನೇ ಬಿಟ್ಟವರ ಲೆಕ್ಕ ಯಾವ ಭಾಷಣದಲ್ಲೂ ಇಲ್ಲ.

ನಾನು ಕ್ರೀಡಾಂಗಣ ಕೇಳುತ್ತಿಲ್ಲ. ಮೂಡುಬಿದಿರೆಯ ಸ್ವರಾಜ್ಯ ಮೈದಾನದಂಥ ಸಿಂಥೆಟಿಕ್ ಟ್ರ್ಯಾಕು ಎಲ್ಲ ಹಳ್ಳಿಗೂ ಬರಲೆಂದೂ ಹೇಳುತ್ತಿಲ್ಲ. ಒಂದು ತಂಡಕ್ಕೆ ಹನ್ನೊಂದು ಜೊತೆ ಬೂಟು, ಬದಲಿ ಆಟಗಾರರಿಗೆ ನಾಲ್ಕು ಜೊತೆ. ಹಳೆ ವಿದ್ಯಾರ್ಥಿ ಸಂಘದವರು, ಯುವಕ ಮಂಡಲದವರು, ಊರಿನ ದಾನಿಗಳು ಮನಸ್ಸು ಮಾಡಿದರೆ ಒಂದು ಸನ್ಮಾನ ಸಮಾರಂಭದ ಖರ್ಚಿನಲ್ಲಿ ಮುಗಿಯುವ ಕೆಲಸ. ಹುಡುಗರಿಗೊಂದು ತಂಡವಿದ್ದರೆ ಹುಡುಗಿಯರಿಗೂ ಒಂದು ಇರಲಿ. ಎರವಲು ಬೂಟು ಮೊದಲು ಸಿಗದೆ ಹೋಗುವುದು ಅವರಿಗೇ. ಅಳತೆಯ ಬಗ್ಗೆ ಚಿಂತೆ ಬೇಡ. ಪ್ರತಿ ಮಗುವಿನ ಪಾದವನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು, ಹೆಸರು ಬರೆದು ನಾನೇ ಕಳಿಸಿಕೊಡುತ್ತೇನೆ.