ಮಕ್ಕಳ ಪಯಣವನ್ನು ಭಯ ನಿರ್ಧರಿಸದಿರಲಿ

ದುಡಿಯುತ್ತಲೇ ಒಂದೆರಡು ವರ್ಷ ಪರದೇಶವನ್ನು ಕಂಡು ಮರಳುವ ಅವಕಾಶವೊಂದು ಭಾರತದ ಯುವಜನರಿಗೆ ಇತ್ತೀಚೆಗೆ ತೆರೆದುಕೊಂಡಿದೆ. 2023ರ ಫೆಬ್ರವರಿಯಲ್ಲಿ ಬ್ರಿಟನ್ ಆರಂಭಿಸಿದ ಯೋಜನೆಯಡಿ 18ರಿಂದ 30ರ ವಯೋಮಿತಿಯ ಭಾರತೀಯ ಪದವೀಧರರು ಅಲ್ಲಿ ಎರಡು ವರ್ಷಗಳವರೆಗೆ ನೆಲೆಸಿ ದುಡಿಯಬಹುದು. ಆಸ್ಟ್ರೇಲಿಯಾವು 2024ರ ಅಕ್ಟೋಬರ್‌ನಲ್ಲಿ ಇದೇ ವಯೋಮಾನದ ಭಾರತೀಯರಿಗೆ ತೆರೆದ ಯೋಜನೆಯ ಅವಧಿ ಒಂದು ವರ್ಷ. ವಾರ್ಷಿಕ ಮಿತಿ 1,000 ಮಂದಿ. ಎರಡರಲ್ಲೂ ಆಯ್ಕೆ ನಡೆಯುವುದು ಚೀಟಿ ಎತ್ತುವ ಕ್ರಮದಲ್ಲಿ. ಹೊಸಕೆರೆಹಳ್ಳಿ, ಬನಶಂಕರಿ, ಬಿಟಿಎಂ ಬಡಾವಣೆಯಂತಹ ಪ್ರದೇಶಗಳಲ್ಲಿ ಪದವಿ ಮುಗಿಸಿದ ಮುಸ್ಲಿಂ ಯುವಕ ಯುವತಿಯರ ಪಾಲಿಗೂ ಈ ಬಾಗಿಲು ತೆರೆದಿದೆ. ಆದರೆ ಆ ಚೀಟಿ ಎತ್ತುವ ಮೊದಲೇ ಅನೇಕ ಮನೆಗಳಲ್ಲಿ ತೀರ್ಪು ಹೊರಬಿದ್ದಿರುತ್ತದೆ. ಒಂದೋ ಭಯ ತೀರ್ಪು ನೀಡುತ್ತದೆ, ಇಲ್ಲವೇ ದುಡ್ಡಿನ ಆತುರ.

ಭಯಕ್ಕೆ ಕಾರಣವಿಲ್ಲವೆಂದು ಹೇಳಲಾಗದು. 2007ರ ಜುಲೈಯನ್ನು ದಕ್ಷಿಣ ಬೆಂಗಳೂರಿನ ಮುಸ್ಲಿಮರು ಮರೆತಿಲ್ಲ. ಮೂಡಿಗೆರೆ ಮೂಲದ, ಬಿಟಿಎಂ ಬಡಾವಣೆಯಲ್ಲಿ ಕುಟುಂಬವಿದ್ದ 27ರ ಹರೆಯದ ವೈದ್ಯ ಡಾ. ಮುಹಮ್ಮದ್ ಹನೀಫ್ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಸೇವೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆಗ ತಾನೇ ಹುಟ್ಟಿದ್ದ ಮಗಳನ್ನು ನೋಡಲು ಹೊರಟಿದ್ದ ಅವರನ್ನು ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಬ್ರಿಟನ್ ಬಿಡುವಾಗ ತನ್ನ ಹೆಸರಿನಲ್ಲಿದ್ದ ಮೊಬೈಲ್ ಸಿಮ್ ಕಾರ್ಡನ್ನು ದೂರದ ಸಂಬಂಧಿಯೊಬ್ಬರಿಗೆ ಬಿಟ್ಟುಬಂದಿದ್ದೇ ಅವರ ಮೇಲಿನ ಆರೋಪಕ್ಕೆ ಆಧಾರವಾಯಿತು. ಗ್ಲಾಸ್ಗೊ ವಿಮಾನ ನಿಲ್ದಾಣದ ಮೇಲೆ ದಾಳಿ ನಡೆಸಿದ ವಾಹನದಲ್ಲಿ ಆ ಸಿಮ್ ಸಿಕ್ಕಿದೆಯೆಂದು ನ್ಯಾಯಾಲಯಕ್ಕೆ ತಿಳಿಸಲಾಯಿತು. ನಿಜವಾಗಿ ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ.

ನಂತರ ನಡೆದುದನ್ನೂ ಅಷ್ಟೇ ಗಟ್ಟಿಯಾಗಿ ನೆನಪಿಡಬೇಕಾಗಿದೆ. ಸುಳ್ಳನ್ನು ಬಯಲಿಗೆಳೆದವರು ಆಸ್ಟ್ರೇಲಿಯಾದ ವಕೀಲರು, ಪತ್ರಕರ್ತರು ಮತ್ತು ನಾಗರಿಕರು. ಪೊಲೀಸ್ ವಿಚಾರಣೆಯ ಲಿಖಿತ ದಾಖಲೆಯನ್ನು ಪತ್ರಿಕೆಗೆ ಕೊಟ್ಟ ಬ್ಯಾರಿಸ್ಟರ್ ಸ್ಟೀಫನ್ ಕೀಮ್ ಹನೀಫರ ಧರ್ಮದವರೂ ಅಲ್ಲ, ದೇಶದವರೂ ಅಲ್ಲ. ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. ಸಚಿವರು ರದ್ದುಪಡಿಸಿದ್ದ ವೀಸಾದ ಆದೇಶವನ್ನು ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯ ತಳ್ಳಿಹಾಕಿತು. 2008ರಲ್ಲಿ ಹೊರಬಂದ ಕ್ಲಾರ್ಕ್ ವಿಚಾರಣಾ ವರದಿ ಅವರನ್ನು ನಿರ್ದೋಷಿಯೆಂದು ಕಂಡಿತು. 2010ರಲ್ಲಿ ಸರಕಾರ ಪರಿಹಾರ ನೀಡಿತು. ಬಂಧನದ ಕಥೆಯನ್ನು ಮನೆಮನೆಯಲ್ಲಿ ಹೇಳಿಕೊಂಡ ನಾವು ಬಿಡುಗಡೆಯ ಕಥೆಯನ್ನು ಮಕ್ಕಳಿಗೆ ಅದೇ ಕಾಳಜಿಯಿಂದ ಹೇಳಿದ್ದೇವೆಯೇ?

ಇನ್ನೊಂದು ಕಹಿಸತ್ಯದಿಂದಲೂ ಮುಖ ತಿರುಗಿಸುವಂತಿಲ್ಲ. ಗ್ಲಾಸ್ಗೊ ದಾಳಿಯಲ್ಲಿ ಸುಟ್ಟ ಗಾಯಗಳಿಂದ ಸತ್ತ ಕಫೀಲ್ ಅಹ್ಮದ್ ಕೂಡ ಬೆಂಗಳೂರಿನವನೇ, ಉನ್ನತ ಶಿಕ್ಷಣ ಪಡೆದವನೇ. ಅವನ ಪಾಪದ ಹೊರೆಯನ್ನು ಸಮುದಾಯದ ಹೆಗಲಿಗೆ ಹೊರಿಸುವುದು ಅನ್ಯಾಯ. ಆದರೆ ದೂರದೇಶದಲ್ಲಿ ಒಂಟಿಯಾಗಿರುವ ಯುವಕನೊಬ್ಬ ಯಾರ ಮಾತು ಕೇಳುತ್ತಿದ್ದಾನೆ, ಯಾರ ಸಂಗದಲ್ಲಿದ್ದಾನೆ ಎಂದು ವಿಚಾರಿಸುವುದು ಮನೆಯವರ ಹೊಣೆ. ಕಳುಹಿಸಿದ ಹಣವನ್ನು ಎಣಿಸಿದರೆ ಆ ಹೊಣೆ ತೀರುವುದಿಲ್ಲ.

ಇನ್ನು ದುಡ್ಡಿನ ಆತುರದ ವಿಷಯ. ಭದ್ರತಾ ಸಹಾಯಕನ ಕೆಲಸ, ಕೈತುಂಬ ಸಂಬಳ ಎಂಬ ಏಜೆಂಟರ ಮಾತು ನಂಬಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು 2023ರಲ್ಲಿ ರಷ್ಯಾಕ್ಕೆ ಹೋದರು. ಅವರನ್ನು ದೂಡಿದ್ದು ಉಕ್ರೇನ್ ಯುದ್ಧಭೂಮಿಗೆ. 2024ರ ಸೆಪ್ಟೆಂಬರ್‌ನಲ್ಲಿ ಅವರು ಜೀವಂತ ಮರಳಿದರು. ಅದೇ ಬಗೆಯ ಆಮಿಷಕ್ಕೆ ಬಲಿಯಾದ ಹೈದರಾಬಾದಿನ ಯುವಕನೊಬ್ಬ ಜೀವಂತ ಮರಳಲಿಲ್ಲ. ಕಾನೂನುಬದ್ಧ ದಾರಿಯ ಅರಿವಿಲ್ಲದ ಕಡೆ ಏಜೆಂಟನ ಮಾತೇ ಕಾನೂನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ನಮ್ಮಲ್ಲಿ ಪರದೇಶ ಪ್ರಯಾಣವೆಂದರೆ ಬಹುಮಟ್ಟಿಗೆ ಗಲ್ಫ್. ಗಲ್ಫ್ ಎಂದರೆ ಸಾಲ ತೀರಿಸುವುದು, ತಂಗಿಯ ಮದುವೆ, ಮನೆಯ ಛಾವಣಿ. ಆ ತ್ಯಾಗವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಭೂಮಿಯಲ್ಲಿ ಸಂಚರಿಸಿ ಗತ ಜನಾಂಗಗಳ ಅಂತ್ಯವನ್ನು ನೋಡಿ ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುವುದು ಕೇವಲ ಸಂಪಾದನೆಗಾಗಿ ಅಲ್ಲ. 1325ರಲ್ಲಿ ಟ್ಯಾಂಜಿಯರ್‌ನಿಂದ ಹಜ್ಜ್‌ಗೆಂದು ಹೊರಟಾಗ ಇಬ್ನ್ ಬತೂತರಿಗೆ 21 ವರ್ಷ. ದಿಲ್ಲಿಯಲ್ಲಿ, ಮಾಲ್ದೀವ್ಸ್‌ನಲ್ಲಿ ಕಾಝಿಯಾಗಿ ದುಡಿಯುತ್ತಲೇ ಅವರು ಲೋಕ ಕಂಡರು. ನಮ್ಮ ಹೊನ್ನಾವರಕ್ಕೆ ಬಂದಾಗ ಅಲ್ಲಿ ಗಂಡುಮಕ್ಕಳ 23 ಮತ್ತು ಹೆಣ್ಣುಮಕ್ಕಳ 13 ಪಾಠಶಾಲೆಗಳಿದ್ದವೆಂದು ದಾಖಲಿಸಿದರು. ಏಳು ಶತಮಾನಗಳ ಹಿಂದೆ ಕರಾವಳಿಯ ಮುಸ್ಲಿಮರು ಹೆಣ್ಣುಮಕ್ಕಳ ಕಲಿಕೆಗೆ ಕೊಟ್ಟಿದ್ದ ಸ್ಥಾನ ನಮಗೆ ತಿಳಿದಿರುವುದು ಒಬ್ಬ ಪ್ರಯಾಣಿಕನಿಂದ.

ಹಾಗಿರುವಾಗ ಇಂದು ಈ ಅವಕಾಶ ಮಗನಿಗೆ ಮಾತ್ರವೇ, ಮಗಳಿಗೆ ಇಲ್ಲವೇ? ಮಹ್ರಮ್ ಇಲ್ಲದ ಪ್ರಯಾಣದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸುರಕ್ಷತೆಯೇ ಆ ನಿಯಮದ ಆಶಯವೆಂದು ವಿವರಿಸುವವರೂ ಇದ್ದಾರೆ. ಕುಟುಂಬವು ಬಲ್ಲವರನ್ನು ಕೇಳಿ, ಹೋಗುವ ಊರು, ಕೆಲಸ, ವಸತಿಗಳನ್ನು ತಿಳಿದು ನಿರ್ಧರಿಸಲಿ. ಕೇಳದೆಯೇ ಇಲ್ಲವೆನ್ನುವುದಕ್ಕೆ ನೆರೆಹೊರೆಯವರ ಬಾಯಿಯ ಭಯವೇ ಹೆಚ್ಚಾಗಿ ಕಾರಣ. ಅದಕ್ಕೆ ಧರ್ಮದ ಹೆಸರು ಕೊಡುವುದು ಸಲ್ಲದು.

ಹೊರಡುವವರಿಗೆ ಬೇಕಾದ ಸಿದ್ಧತೆ ಬಹಳ ಸರಳ. ವೀಸಾದ ಷರತ್ತುಗಳನ್ನು ಸ್ವತಃ ಓದಿರಬೇಕು. ಆಸ್ಟ್ರೇಲಿಯಾದ ಯೋಜನೆಯಲ್ಲಿ ಒಬ್ಬನೇ ಉದ್ಯೋಗದಾತನ ಬಳಿ ಸಾಮಾನ್ಯವಾಗಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಬ್ರಿಟನ್ ಯೋಜನೆಗೆ ಕೈಯಲ್ಲಿ 2,530 ಪೌಂಡ್ ಉಳಿತಾಯ ತೋರಿಸಬೇಕು. ಇತರ ದೇಶಗಳ ಉದ್ಯೋಗಕ್ಕಾದರೆ ಏಜೆಂಟನ ನೋಂದಣಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಬೇಕು. ಅಲ್ಲಿಂದ ಮರಳುವಾಗ ತನ್ನ ಹೆಸರಿನ ಸಿಮ್, ಬ್ಯಾಂಕ್ ಖಾತೆ, ಬಾಡಿಗೆ ಕರಾರುಗಳನ್ನು ಮುಚ್ಚಿಯೇ ಹೊರಡಬೇಕು. ಹನೀಫ್ ಪ್ರಕರಣದ ಅತಿ ಪ್ರಾಯೋಗಿಕ ಪಾಠ ಇದೇ. ಭಾರತೀಯ ದೂತಾವಾಸದ ದೂರವಾಣಿ ಸಂಖ್ಯೆ ಮಗುವಿನ ಬಳಿಯೂ ಮನೆಯವರ ಬಳಿಯೂ ಇರಬೇಕು. ಇವಿಷ್ಟನ್ನು ತಿಳಿಸಲು ಮಸೀದಿಯ ಸಭಾಂಗಣದಲ್ಲಿ ತಿಂಗಳಿಗೊಂದು ಸಂಜೆ ಸಾಕು. ಮೊಹಲ್ಲಾದ ವಕೀಲರು, ಹೋಗಿ ಬಂದವರು ಮಾತನಾಡಲಿ, ಹೆಣ್ಣುಮಕ್ಕಳಿಗೂ ಅಲ್ಲಿ ಜಾಗವಿರಲಿ. ಮದುವೆ ಔತಣಗಳಿಗೆ ಲಕ್ಷಗಳನ್ನು ಹೊಂದಿಸುವ ಸಮುದಾಯಕ್ಕೆ ಇದು ಭಾರವಾಗದು.

ಮರಳಿ ಬಂದ ಮಗ ಅಥವಾ ಮಗಳನ್ನು ಎಷ್ಟು ಉಳಿಸಿದೆ ಎಂದಷ್ಟೇ ಕೇಳದೆ ಏನನ್ನು ಕಲಿತೆ, ಯಾರೊಡನೆ ಬಾಳಿದೆ, ನಿನ್ನ ನಡತೆಯಿಂದ ಅವರು ನಮ್ಮ ಬಗ್ಗೆ ಏನನ್ನು ಅರಿತರು ಎಂದೂ ಕೇಳೋಣ. ಸಂಶಯದ ದೃಷ್ಟಿಯಿಂದ ನೋಡುವ ಜಗತ್ತಿಗೆ ಹೆದರಿ ಮಕ್ಕಳನ್ನು ಮನೆಯೊಳಗೆ ಕೂರಿಸಿಕೊಂಡರೆ ಆ ಸಂಶಯ ಕರಗುವುದಿಲ್ಲ. ಕಾನೂನು ಬಲ್ಲ, ಪ್ರಾಮಾಣಿಕವಾಗಿ ದುಡಿಯುವ, ನೆರೆಯವನ ನೋವಿಗೆ ಸ್ಪಂದಿಸುವ ಯುವಜನರು ಆ ಜಗತ್ತಿನ ನಡುವೆ ತಲೆಯೆತ್ತಿ ನಡೆದಾಗಲೇ ಅದು ಕರಗೀತು.