ಊರ ಗಾಳಿ

ಪರೇಲಿನಲ್ಲಿ ಮಕ್ಕಳಿಗೆ ಕೆಮ್ಮು ಬಂತೆಂದರೆ ನಾವು ಕೂಡಲೆ ‘ಊರ ಗಾಳಿ’ಯನ್ನು ನೆನೆಯುತ್ತೇವೆ. 1982ರ ಮುಷ್ಕರದ ಬಳಿಕ ಇಲ್ಲಿಯ ಗಿರಣಿಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಆದರೂ ಚಳಿಗಾಲದಲ್ಲಿ ಕಡಲ ಗಾಳಿ ಮಂದವಾಗಿ, ಧೂಳು ಮೇಲೇಳದೆ ನಮ್ಮ ಚಾಳುಗಳ ಮೇಲೆಯೇ ಕೂಡ್ರುತ್ತದೆ. ಆಗ ರಜೆ ಪಡೆದು ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೊರಡುವ ಬಂಧುಗಳೇ, ತುಸು ತಾಳಿರಿ! ಅಲ್ಲಿ ಮೆಣಸಿನಕಾಯಿಯ ಸುಗ್ಗಿ. ಪೇಟೆಯ ತುಂಬ ಕೆಂಪು ರಾಶಿ. ಚೀಲ ಸುರಿದಾಗಲೆಲ್ಲ ಸೀನು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿ ಬಣ್ಣ ಹೆಚ್ಚು, ಖಾರ ಕಡಿಮೆಯೆಂದು ಹೆಸರಾದದ್ದು. ಮೂಗಿಗೆ ಮಾತ್ರ ಅದು ತಿಳಿಯದು. ನಾವಾದರೋ ಎರಡು ದಿನ ಸೀನಿ ರೈಲು ಹತ್ತುತ್ತೇವೆ. ಕೂತು ತೊಟ್ಟು ಮುರಿಯುವ ಹೆಂಗಸರು ಸೆರಗನ್ನೇ ಮೂಗಿಗೆ ಸುತ್ತಿಕೊಂಡು ಸುಗ್ಗಿ ಮುಗಿಯುವವರೆಗೂ ಅದೇ ಘಾಟನ್ನು ಉಸಿರಾಡುತ್ತಾರೆ. ದಮ್ಮಿನ ಮಕ್ಕಳಿದ್ದವರು ಶ್ರಾವಣದಲ್ಲಿ ಹೋಗಿರಿ.